ನಾನು ಬಿಟ್ಟ ಪ್ರಶ್ನಾರ್ಥಕ ಚಿಹ್ನೆ

ಆ ಸೋಮವಾರ ಬೆಳಿಗ್ಗೆ ಪೆರಾಬೆಯ ನಮ್ಮ ಸ್ಟಾಪಿನಲ್ಲಿ ಶಾಲೆಯ ಬಸ್ಸು ನಿಂತಾಗ ಡ್ರೈವರ್ ಸೀಟಿನಲ್ಲಿ ಬೇರೆ ಯಾರೋ ಇದ್ದರು. ಮಗಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂದೆ ತಿರುಗಿ ನನ್ನನ್ನು ನೋಡಿದಳು. "ಕಾಕ ಎಲ್ಲಿ?" ಎಂದು ನಾನೇ ಕೇಳಿದೆ.

"ಅವರನ್ನು ತೆಗೆದ್ರು ಅಕ್ಕ. ಹಾರ್ಟ್ ಅಟ್ಯಾಕ್ ಆದ ಜನ ಅಂತೆ. ಫಿಟ್‌ನೆಸ್ ಸರ್ಟಿಫಿಕೇಟ್ ಸಿಗಲಿಲ್ಲ," ಎಂದು ಹೇಳಿ ಅವನು ಗೇರು ಹಾಕಿದ.

ಕಾಕನ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಕ್ಕಳಿಗೂ ಕಾಕ, ತಂದೆತಾಯಂದಿರಿಗೂ ಕಾಕ. ರಾಮಕುಂಜದ ಕಡೆಯ ಬ್ಯಾರಿ ಮನೆತನದವರು, ಐವತ್ತು ದಾಟಿದ ಮನುಷ್ಯ. ಗಲ್ಫಿನಲ್ಲಿ ಬಹಳ ವರ್ಷ ದೊಡ್ಡ ಗಾಡಿ ಓಡಿಸಿ ಊರಿಗೆ ಬಂದ ಮೇಲೆ ಈ ಬಸ್ಸು ಹಿಡಿದಿದ್ದರು. ಪ್ರತಿ ಸಲ ಹೊರಡುವ ಮೊದಲು ಇಳಿದು ಬಸ್ಸಿಗೆ ಒಂದು ಸುತ್ತು ಹಾಕಿ, ಬಗ್ಗಿ ಅಡಿಗೆ ನೋಡುತ್ತಿದ್ದರು. ಅಷ್ಟೊಂದು ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ಮಕ್ಕಳು ಎಲ್ಲಿ ಕೂರ್ತಾರೆ ಅಂತ ಹೇಳ್ಲಿಕ್ಕಾಗುದಿಲ್ಲ ಅಕ್ಕ," ಎಂದಿದ್ದರು. ಅಂಥವರಿಗೆ ಹೃದಯಾಘಾತವಾಗಿದ್ದು ನಮಗೆ ಯಾರಿಗೂ ಗೊತ್ತಾಗದೆ ಹೋಯಿತಲ್ಲ ಎಂದು ಪುತ್ತೂರಿನ ಬಸ್ಸು ಹತ್ತಿದ ಮೇಲೂ ಯೋಚಿಸುತ್ತಿದ್ದೆ.

ನಾನು ಕೆಲಸ ಮಾಡುವುದು ಪುತ್ತೂರಿನ ಒಂದು ಖಾಸಗಿ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ. ಕಟ್ಟಡದ ಕೆಳಗಿನ ಅಂತಸ್ತು, ಕಿಟಕಿ ಇಲ್ಲ, ಒಂದು ಬಾಗಿಲು. ವಾರ್ಡಿನಿಂದ ಬಂದ ಕಾಗದದ ಫೈಲುಗಳನ್ನು ಓದಿ, ರೋಗಿಗೆ ಏನಾಗಿತ್ತು ಎಂಬುದನ್ನು ಕಂಪ್ಯೂಟರಿಗೆ ಹಾಕುವುದು ನಮ್ಮ ಕೆಲಸ. ಮೂರು ಜನ ಇದ್ದೇವೆ. ರೋಗಿಗಳ ಮುಖ ನಾವು ನೋಡುವುದಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಕೆಟ್ಟ ಕುತೂಹಲವೊಂದು ನನ್ನನ್ನು ಹಿಡಿಯಿತು. ಹಾಗೆ ನೋಡಬಾರದು ಎಂದು ಗೊತ್ತಿತ್ತು. ಆದರೂ ಮೊಬೈಲಿನಲ್ಲಿದ್ದ ಕಾಕನ ನಂಬರನ್ನು ಕಂಪ್ಯೂಟರಿನಲ್ಲಿ ಒತ್ತಿ ಹುಡುಕಿದೆ. ಹೆಸರು ಬಂತು. ಎರಡು ವರ್ಷದ ಹಿಂದೆ ಒಂದು ದಿನ ನಮ್ಮಲ್ಲೇ ಅಡ್ಮಿಟ್ ಆಗಿದ್ದರು. ರೋಗ: ತೀವ್ರ ಹೃದಯಾಘಾತ, ಕೆಂಪು ಅಕ್ಷರದಲ್ಲಿ. ಅದರ ಕೆಳಗೆ, ದಾಖಲಿಸಿದವರು ಎಂಬಲ್ಲಿ, ನನ್ನ ಸಿಬ್ಬಂದಿ ನಂಬರು.

ನಾನು ಟಿಫಿನ್ ಡಬ್ಬಿಯನ್ನು ಮುಚ್ಚಿಟ್ಟೆ.

ಕಾಗದದ ಫೈಲು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತುರ್ತು ವಿಭಾಗದ ಹಾಳೆಯಲ್ಲಿ ನೀಲಿ ಪೆನ್ನಿನಲ್ಲಿ 'ಎದೆನೋವು' ಎಂದು ಬರೆದು, ಅದರ ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಮುಂದೆ 'ಎಂ.ಐ.' ಎಂದಿತ್ತು. ಎಂ.ಐ. ಎಂದರೆ ಡಾಕ್ಟರುಗಳ ಭಾಷೆಯಲ್ಲಿ ಹೃದಯಾಘಾತ. ಜೊತೆಗೆ ಪ್ರಶ್ನಾರ್ಥಕ ಇದ್ದರೆ 'ಇರಬಹುದೇ, ನೋಡಬೇಕು' ಎಂದು ಅರ್ಥ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ಎಂಬ ಅಂಶವನ್ನು ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ನೋಡಿದ್ದರು. ಎರಡೂ ಸಲ ಸರಿ ಇತ್ತು. ಇಸಿಜಿಯಲ್ಲೂ ಏನಿರಲಿಲ್ಲ. ಕೊನೆಯ ಪುಟದಲ್ಲಿ ಡ್ಯೂಟಿ ಡಾಕ್ಟರು ಕೈಬರಹದಲ್ಲಿ 'ಗ್ಯಾಸ್ಟ್ರೈಟಿಸ್, ಮನೆಗೆ' ಎಂದು ಬರೆದಿದ್ದರು, ಅಂದರೆ ಬರೀ ಹೊಟ್ಟೆಯ ಗ್ಯಾಸು.

ಆ ದಿನ ನಾನೇನು ಮಾಡಿದೆ ಎಂಬುದು ನೆನಪಿಲ್ಲ, ಆದರೆ ಗೊತ್ತು. ದಿನವೂ ಮಾಡುತ್ತಿದ್ದದ್ದೇ ಅದು. ಅಡ್ಮಿಟ್ ಆದ ಕೂಡಲೇ ರೋಗದ ಹೆಸರು ಕೇಳುವ ಒಂದು ಚೌಕ ಬರುತ್ತದೆ. ಅದನ್ನು ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ. ಹೆಸರುಗಳ ಪಟ್ಟಿ ಅಲ್ಲೇ ಕೆಳಗೆ ಇಳಿಯುತ್ತದೆ, ಆರಿಸಿಕೊಳ್ಳಬೇಕು. ಪಟ್ಟಿಯಲ್ಲಿ ಹೃದಯಾಘಾತ ಉಂಟು, 'ಹೃದಯಾಘಾತ ಇರಬಹುದೇ' ಎಂಬುದು ಇಲ್ಲ. ರೋಗಿ ಮನೆಗೆ ಹೋಗುವಾಗ ಇನ್ನೊಮ್ಮೆ ಚೌಕ ಬರುತ್ತದೆ. ಅಲ್ಲಿ 'ಮೊದಲಿನದೇ ಇರಲಿ' ಎಂಬ ಬಟನ್ ಉಂಟು. ಮೇಜಿನ ಮೇಲೆ ಫೈಲಿನ ರಾಶಿ ಇದ್ದಾಗ ಆ ಬಟನ್ನಿನ ಮೇಲೆ ಬೆರಳು ತಾನಾಗಿ ಹೋಗುತ್ತದೆ. ನಾನು ಕೊನೆಯ ಪುಟ ತಿರುಗಿಸಿರಲಿಲ್ಲ, ಅಷ್ಟೇ.

ನಮ್ಮ ವಿಭಾಗದ ಮುಖ್ಯಸ್ಥರು ನಿವೃತ್ತಿಗೆ ಹತ್ತಿರವಾದವರು, ಒಳ್ಳೆಯ ಮನುಷ್ಯ. ಅವರ ಮೇಜಿಗೆ ಫೈಲು ತೆಗೆದುಕೊಂಡು ಹೋದೆ.

"ಸರ್, ಇದೊಂದು ತಪ್ಪಾಗಿದೆ. ತಿದ್ದಲಿಕ್ಕೆ ಆಗ್ತದಾ?"

ಅವರು ಕನ್ನಡಕ ಏರಿಸಿ ನೋಡಿದರು. "ಲಾಕ್ ಆಗಿದೆಯಲ್ಲ ಮಾರಾಯ್ರೆ. ಇನ್ನು ನಮಗೆ ಮುಟ್ಟಲಿಕ್ಕಿಲ್ಲ. ನೋಡಿದ ಡಾಕ್ಟ್ರೇ ಬರೆದು ಕೊಡ್ಬೇಕು."

"ಆ ಡಾಕ್ಟ್ರು ಮುಂದೆ ಓದಲಿಕ್ಕೆ ಅಂತ ಕೆಲಸ ಬಿಟ್ಟು ಹೋದ್ರಲ್ಲ ಸರ್."

"ಹಾಗಾದ್ರೆ ಆಯ್ತಲ್ಲ." ಅವರು ಫೈಲನ್ನು ಮುಚ್ಚಿ ನನ್ನ ಕಡೆ ಸರಿಸಿದರು. "ಯಾರಾದ್ರೂ ಬಂದು ಕೇಳಿದ್ರಾ?"

"ಇಲ್ಲ."

"ಕೇಳದೆ ನೀವಾಗಿ ಯಾಕೆ ಹೇಳ್ಲಿಕ್ಕೆ ಹೋಗುದು? ಒಂದು ತೆಗೆದ್ರೆ ಎಲ್ಲ ತೆಗೀಬೇಕಾಗ್ತದೆ. ಇಂಥ ತಪ್ಪಿನಲ್ಲಿ ಈ ರೂಮಿನ ಯಾರ ನಂಬರು ಇಲ್ಲ ಹೇಳಿ?"

ಅವರು ಹೆದರಿಸಲಿಕ್ಕೆ ಹೇಳಿದ ಮಾತಲ್ಲ ಅದು. ನನ್ನನ್ನು ಉಳಿಸಲಿಕ್ಕೆ ಹೇಳಿದ್ದು. ಫೈಲನ್ನು ಅದರ ಜಾಗದಲ್ಲಿಟ್ಟು ಬಂದೆ.

ಮನೆಯಲ್ಲಿ ಗಂಡನಿಗೆ ಮಾತ್ರ ಹೇಳಿದೆ. ಅವರು, "ಸರ್ ಹೇಳಿದ್ದೇ ಸರಿ. ನಿನ್ನ ಕೆಲಸ ಹೋದ್ರೆ ಕಾಕನಿಗೆ ಕೆಲಸ ಬರ್ತದಾ?" ಎಂದರು.

ಎರಡು ವಾರದ ಮೇಲೆ ಕಡಬ ದಾಟಿ ಹೋಗುವ ಬಸ್ಸಿನಲ್ಲಿ ಕಾಕನೇ ಸಿಕ್ಕಿದರು. ಅಷ್ಟು ವರ್ಷ ಅವರನ್ನು ಸ್ಟೇರಿಂಗಿನ ಹಿಂದೆ ನೋಡಿದ್ದ ನನಗೆ, ಕಿಟಕಿಯ ಬದಿಯ ಸೀಟಿನಲ್ಲಿ ಮಡಿಲಲ್ಲಿ ಕೈಯಿಟ್ಟು ಕೂತಿದ್ದ ಅವರ ಗುರುತು ಕೂಡಲೇ ಹತ್ತಲಿಲ್ಲ. ಅವರೇ ಕರೆದರು.

"ಅಕ್ಕ, ಮಗಳು ಚೆನ್ನಾಗಿದ್ದಾಳಾ?"

"ಚೆನ್ನಾಗಿದ್ದಾಳೆ ಕಾಕ. ನೀವು ಹೇಗಿದ್ದೀರಿ?"

"ನಾನೆಂತ ಹೇಳುದು. ನನಗೆ ನೆನಪೇ ಇಲ್ಲದ ಹಾರ್ಟ್ ಅಟ್ಯಾಕ್." ಅವರು ನಕ್ಕರು, ಆದರೆ ನಗು ಅರ್ಧಕ್ಕೆ ನಿಂತಿತು. "ಪ್ರತಿ ವರ್ಷದ ಹಾಗೆ ಸರ್ಟಿಫಿಕೇಟಿಗೆ ಹೋದೆ. ಈ ಸಲ ಎಲ್ಲ ಆಸ್ಪತ್ರೆಯ ದಾಖಲೆಯೂ ಕಂಪ್ಯೂಟರಿನಲ್ಲೇ ನೋಡುದು. ಡಾಕ್ಟ್ರು ಪರದೆ ನನ್ನ ಕಡೆ ತಿರುಗಿಸಿದ್ರು, ಕೆಂಪು ಅಕ್ಷರ. ಅದು ಗ್ಯಾಸ್ ಅಂತ ಹೇಳಿ ಕಳಿಸಿದ್ದು ಡಾಕ್ಟ್ರೆ ಅಂದೆ. ಬಾಯಲ್ಲಿ ಹೇಳಿದ್ದು ನಡೀದಿಲ್ಲ ಅಂದ್ರು."

"ಮತ್ತೆ ಟೆಸ್ಟ್ ಮಾಡಲಿಲ್ವಾ?"

"ಮಾಡಿದ್ರು. ಎಕೋ ಮಾಡಿದ್ರು. ಹಾರ್ಟು ಚೆಂದ ಉಂಟು ಅಂದ್ರು. ಹಾಗಾದ್ರೆ ಸೈನ್ ಹಾಕಿ ಅಂದೆ. ಸಣ್ಣ ಅಟ್ಯಾಕ್ ಆದ್ರೆ ಕೆಲವು ಸಲ ಗುರುತು ಉಳಿಯುದಿಲ್ಲ, ಮಕ್ಕಳ ಬಸ್ಸು, ನಾನು ಹೇಗೆ ಸೈನ್ ಹಾಕುದು ಅಂತ ಅವರು ಕೇಳಿದ್ರು. ಅವರದ್ದೂ ತಪ್ಪಲ್ಲ ಅಕ್ಕ. ಗುರುತು ಇದ್ರೂ ಆಗಿದೆ, ಗುರುತು ಇಲ್ಲದಿದ್ರೂ ಆಗಿದೆ. ನಾನು ಎಂತ ತೋರಿಸುದು?"

ಅವರು ಎದೆಯ ಮೇಲೆ ಕೈಯಿಟ್ಟರು. ಹಾಗೆ ಇಡುವುದು ಅಭ್ಯಾಸವಾಗಿಬಿಟ್ಟಿದೆ ಎಂದು ನೋಡಿದರೇ ತಿಳಿಯುತ್ತಿತ್ತು. ಈಗ ಅವರಿಗೇ ಅನುಮಾನವಂತೆ. ಮಸೀದಿಯಲ್ಲಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ನಮಾಜು ಮಾಡುತ್ತಾರಂತೆ, ಬಗ್ಗಿ ಏಳುವಾಗ ಏನಾದರೂ ಆದೀತು ಎಂದು. ಬಾವಿಯಿಂದ ನೀರು ಸೇದಲು ಹೆಂಡತಿ ಬಿಡುವುದಿಲ್ಲವಂತೆ. ಮೊದಲು ಏನೂ ಇರಲಿಲ್ಲ, ಈಗ ಏರು ಹತ್ತುವಾಗ ನಿಜವಾಗಿಯೂ ಎದೆ ಹಿಡಿದ ಹಾಗೆ ಆಗುತ್ತದೆ ಎಂದರು.

ನನ್ನ ಬಾಯಿಯ ತುದಿಯಲ್ಲಿ ಮಾತು ಇತ್ತು. ಬಸ್ಸು ಆಲಂಕಾರು ದಾಟಿತು, ಇನ್ನೂ ಇತ್ತು. ಕಡಬದಲ್ಲಿ ಅವರು ಕಂಬಿ ಹಿಡಿದು ನಿಧಾನವಾಗಿ ಇಳಿದು, ಕೆಳಗಿನಿಂದ ಕೈ ಬೀಸಿದರು. ನಾನೂ ಬೀಸಿದೆ. ಉಳಿದ ದಾರಿಯಲ್ಲಿ ನಾನು ಹೇಳಿದ್ದು "ಹೌದಾ ಕಾಕ" ಎಂಬ ಎರಡೇ ಶಬ್ದ.

ಅಲ್ಲಿಂದ ಮುಂದಿನ ಕೆಲವು ತಿಂಗಳು ಹೇಗೆ ಕಳೆದೆನೋ. ಬೆಳಿಗ್ಗೆ ಮಗಳನ್ನು ಬಸ್ಸು ಹತ್ತಿಸುವಾಗ ಹೊಸ ಡ್ರೈವರಿನ ಮುಖ ನೋಡುತ್ತಿರಲಿಲ್ಲ. ಆ ರೂಮಿನ ಬಾಗಿಲು ದೂಡಿ ಒಳಗೆ ಹೋದರೆ ಸಂಜೆಯವರೆಗೆ ಅದೇ ಚೌಕ, ಅದೇ ಪಟ್ಟಿ. ಕೊನೆಯ ಪುಟದವರೆಗೆ ಓದಿ ಹಾಕಲು ಶುರುಮಾಡಿದ್ದರಿಂದ ನನ್ನ ರಾಶಿ ಬೆಳೆಯಿತು. ಬೇರೆ ಇಬ್ಬರು ಅದನ್ನು ಹಂಚಿಕೊಳ್ಳಬೇಕಾಗಿ ಬಂದು ಅವರಿಗೆ ನನ್ನ ಮೇಲೆ ಸಿಟ್ಟು. ಹೇಳಿದರೆ ಅವರೂ ಸಿಕ್ಕಿಬೀಳುತ್ತಾರೆ, ಹೇಳದಿದ್ದರೆ ಕಾಕ ಆ ಕೆಂಪು ಅಕ್ಷರದಲ್ಲೇ ಇರುತ್ತಾರೆ. ರಜೆ ಹಾಕಿ ಮನೆಯಲ್ಲಿ ಕೂತರೂ ರೂಮಿನೊಳಗೇ ಇದ್ದ ಹಾಗೆ.

ಆ ನಡುವೆ ನನಗೇ ಎದೆನೋವು ಬಂತು. ಎಡಗಡೆ, ಭುಜದವರೆಗೆ. ಕೂತಿದ್ದದ್ದು ಆಸ್ಪತ್ರೆಯೊಳಗೆ, ತುರ್ತು ವಿಭಾಗ ಎರಡು ಮಾಳಿಗೆ ಮೇಲೆ. ಎದ್ದು ಮೆಟ್ಟಿಲಿನವರೆಗೆ ಹೋದೆ, ಅಲ್ಲಿಂದ ತಿರುಗಿ ಬಂದೆ. ನನ್ನ ಹೆಸರಿನ ಮುಂದೆ ಆ ಚೌಕ ತೆರೆಯುವುದು ಕಣ್ಣಿಗೆ ಬಂತು. ಎರಡು ದಿನ ಹಾಗೆಯೇ ತಡೆದುಕೊಂಡೆ. ಇಂಥ ನೋವು ಬಂದಾಗ ಒಂದು ಗಂಟೆಯೂ ಕಾಯಬಾರದು ಎಂಬ ಬೋರ್ಡು ನಮ್ಮ ಲಿಫ್ಟಿನ ಪಕ್ಕದಲ್ಲೇ ಉಂಟು.

ಮೂರನೆಯ ದಿನ ತವರಿನ ನೆಪ ಹೇಳಿ ಸುಳ್ಯಕ್ಕೆ ಹೋಗಿ, ಅಲ್ಲಿನ ಒಬ್ಬ ಹಳೆಯ ಡಾಕ್ಟರಿಗೆ ತೋರಿಸಿದೆ. ಅವರು ಇಸಿಜಿ ಮಾಡಿ, ಪಕ್ಕೆಲುಬಿನ ನಡುವೆ ಬೆರಳು ಒತ್ತಿದರು. ನಾನು ಕಿರುಚಿದೆ.

"ಇದು ಸ್ನಾಯು ಹಿಡಿದಿರುದು. ಭಾರ ಎತ್ತಿದ್ರಾ?"

"ಫೈಲಿನ ಕಟ್ಟು ಎತ್ತಿದ್ದೆ."

"ನೀವು ಆಸ್ಪತ್ರೆಯಲ್ಲೇ ಕೆಲಸ ಮಾಡುದು ಅಂತೀರಿ. ಇಷ್ಟು ದೂರ ಬಂದದ್ದು ಯಾಕೆ?"

"ಅಮ್ಮನನ್ನು ನೋಡ್ಲಿಕ್ಕೆ ಬಂದಿದ್ದೆ," ಎಂದು ಸುಳ್ಳು ಹೇಳಿದೆ. ನಿಜವಾಗಿ ಹೃದಯದ್ದೇ ಆಗಿದ್ದರೆ ಎರಡು ದಿನ ಕಾದ ನಾನು ಉಳಿಯುತ್ತಿದ್ದೆನಾ ಎಂದು ವಾಪಸು ಬರುವಾಗ ಯೋಚಿಸಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮಲ್ಲಿಗೆ ಹೃದ್ರೋಗದ ಹೊಸ ಡಾಕ್ಟರ್ ಒಬ್ಬರು ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಹೆಚ್ಚು ಮಾತಿಲ್ಲ. ಹೃದಯಾಘಾತವಾಗಿ ಮನೆಗೆ ಹೋದವರು ಆಮೇಲೆ ಹೇಗಿದ್ದಾರೆ, ಮಾತ್ರೆ ತೆಗೆದುಕೊಳ್ಳುತ್ತಿದ್ದಾರೋ ಇಲ್ಲವೋ ನೋಡಬೇಕೆಂದು, ಕಂಪ್ಯೂಟರಿನಲ್ಲಿ ಆ ರೋಗದ ಹೆಸರಿರುವ ಎಲ್ಲರ ಪಟ್ಟಿ ಕೇಳಿದರು. ಪ್ರಿಂಟ್ ತೆಗೆಯುವ ಕೆಲಸ ನನಗೆ ಬಂತು. ಯಂತ್ರದಿಂದ ಹಾಳೆಗಳು ಒಂದೊಂದಾಗಿ ಬೀಳುವಾಗ ನಾನು ಹುಡುಕಲಿಲ್ಲ. ಆದರೂ ಕಾಕನ ಹೆಸರು ಕಣ್ಣಿಗೆ ಬಿತ್ತು.

"ಕೊಟ್ಟು ಬನ್ನಿ, ಅಷ್ಟೇ," ಎಂದರು ನಮ್ಮ ಸರ್.

ಮೇಡಂ ಹಾಳೆಗಳನ್ನು ತೆಗೆದುಕೊಂಡು ಥ್ಯಾಂಕ್ಸ್ ಹೇಳಿದರು. ನಾನು ಹೋಗಲಿಲ್ಲ. ಅವರು ತಲೆಯೆತ್ತಿದರು.

"ಎಂತ, ಏನಾದ್ರೂ ಉಂಟಾ?"

"ಮೇಡಂ, ಈ ಲಿಸ್ಟನ್ನು ನಂಬಬೇಡಿ."

ಅವರು ಪೆನ್ನು ಕೆಳಗಿಟ್ಟರು. "ಕೂತ್ಕೊಳ್ಳಿ."

ಚೌಕದಿಂದ ಶುರುಮಾಡಿ, ಪ್ರಶ್ನಾರ್ಥಕ ಚಿಹ್ನೆ, ಬಟನ್ನು, ಕಾಕ, ಎಲ್ಲ ಹೇಳಿದೆ. ಬೇರೆಯವರ ವಿಷಯ ಎತ್ತಲಿಲ್ಲ, ನನ್ನ ನಂಬರು ಮಾತ್ರ ಹೇಳಿದೆ. ಅವರು ಬೈಯುತ್ತಾರೆ ಎಂದು ಕಾಯುತ್ತಿದ್ದೆ. ಅವರು ಹಾಳೆಗಳನ್ನು ಕೈಯಲ್ಲಿ ತೂಗುವ ಹಾಗೆ ಹಿಡಿದು, "ಇದನ್ನು ಇಟ್ಟುಕೊಂಡು ನಾನು ಇವರಿಗೆಲ್ಲ ಫೋನ್ ಮಾಡುದಿತ್ತು. ನಿಮಗೆ ಅಟ್ಯಾಕ್ ಆಗಿತ್ತಲ್ಲ ಅಂತ," ಎಂದರು. ಆಮೇಲೆ, "ಕಾಗದದ ಫೈಲು ಎಲ್ಲ ಸಿಗ್ತದಾ?" ಎಂದು ಕೇಳಿದರು.

ಮರುದಿನದಿಂದ ಮಧ್ಯಾಹ್ನ ಊಟದ ನಂತರ ನಾನು ಫೈಲಿನ ಕಟ್ಟು ಮೇಲೆ ಒಯ್ಯುವುದು, ಅವರು ಓದುವುದು. ನಮ್ಮ ಸರ್ ನನ್ನೊಡನೆ ಮಾತು ಬಿಟ್ಟರು. ಫೈಲಿನ ಮೇಲೆ ಬರೆದ ರೋಗದ ಹೆಸರನ್ನು ಮೇಡಂ ನೋಡುತ್ತಿರಲಿಲ್ಲ. ನೇರವಾಗಿ ಇಸಿಜಿ ಮತ್ತು ರಕ್ತದ ಎರಡು ರಿಪೋರ್ಟಿನ ಪುಟಕ್ಕೆ ಹೋಗುತ್ತಿದ್ದರು. ಅಟ್ಯಾಕ್ ಆದವರದ್ದು ಒಂದು ರಾಶಿ, ಆಗದವರದ್ದು ಇನ್ನೊಂದು. ಆಗದವರ ರಾಶಿ ಏರಿದ ಹಾಗೆ ನನ್ನ ಕುತ್ತಿಗೆ ಬಗ್ಗುತ್ತಿತ್ತು. ಕೆಲವು ಫೈಲುಗಳಲ್ಲಿ ಕಾಗದವೇ ಬಾಯಿ ಬಿಡುತ್ತಿರಲಿಲ್ಲ, ರಿಪೋರ್ಟು ಎಲ್ಲೋ ಕಳೆದುಹೋಗಿತ್ತು. ಅವನ್ನು ಮೂರನೆಯ ಕಡೆ ಇಟ್ಟು ಅವರು ಉಸಿರು ಬಿಡುತ್ತಿದ್ದರು.

ಒಂದು ದಿನ ಅವರು, "ಇದರ ಉಲ್ಟಾ ಕೂಡ ಇರಬಹುದು. ರಕ್ತದಲ್ಲಿ ಟ್ರೋಪೋನಿನ್ ಏರಿದೆ, ಆದರೆ ಲಿಸ್ಟಿನಲ್ಲಿ ಹೆಸರಿಲ್ಲ, ಅಂಥವರನ್ನು ಹುಡುಕಿ," ಎಂದರು. ಹಾಗೆ ಸಿಕ್ಕಿದವರು ನೆಟ್ಟಣದ ಕಡೆಯ ಒಬ್ಬ ಹೆಂಗಸು. ವಾಂತಿ, ಭುಜನೋವು ಎಂದು ಬಂದವರನ್ನು ಮೊದಲು ಗ್ಯಾಸ್ಟ್ರೈಟಿಸ್ ಎಂದು ಹಾಕಿದ್ದಾರೆ. ಕೆಲವು ಗಂಟೆಯಲ್ಲಿ ರಕ್ತದ ರಿಪೋರ್ಟು ಏರಿ, ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳಿಸಿದ್ದಾರೆ. ಕಂಪ್ಯೂಟರಿನಲ್ಲಿ ಮಾತ್ರ ಗ್ಯಾಸ್ಟ್ರೈಟಿಸ್ ಹಾಗೆಯೇ ಉಳಿದಿದೆ. ಮೇಡಂ ಅಲ್ಲೇ ಫೋನ್ ಮಾಡಿದರು. ಸೊಸೆ ಎತ್ತಿದಳು. ಅತ್ತೆ ಚೆನ್ನಾಗಿದ್ದಾರೆ, ಮಂಗಳೂರಿನವರು ಕೊಟ್ಟ ಮಾತ್ರೆ ಮಾತ್ರ ನಿಲ್ಲಿಸಿಯಾಯಿತು, ಪುತ್ತೂರಿನ ಚೀಟಿಯಲ್ಲಿ ಗ್ಯಾಸ್ ಅಂತ ಇತ್ತಲ್ಲ ಎಂದಳು.

"ನಾಳೆಯೇ ಕರ್ಕೊಂಡು ಬನ್ನಿ," ಎಂದರು ಮೇಡಂ. ಅವರ ಸ್ವರ ಅಷ್ಟು ಏರಿದ್ದು ನಾನು ಕೇಳಿದ್ದು ಅದೊಂದೇ ಸಲ.

ಆ ಫೈಲಿನಲ್ಲಿದ್ದದ್ದು ನನ್ನ ನಂಬರು ಅಲ್ಲ. ಒಂದು ಕ್ಷಣ ಹಗುರವಾಯಿತು. ಹಾಗೆ ಹಗುರವಾದದ್ದಕ್ಕೆ ಇಡೀ ದಿನ ನಾಚಿಕೆಯಾಯಿತು.

ಕಾಕನ ಫೈಲು ಬಂದಾಗ ಮೇಡಂ ಎರಡು ನಿಮಿಷದಲ್ಲಿ ಓದಿ ಮುಗಿಸಿದರು. "ಇವರಿಗೆ ಆಗಿಲ್ಲ. ನಾನು ಒಮ್ಮೆ ಪರೀಕ್ಷೆ ಮಾಡಿ ಬರೆದು ಕೊಡಬಹುದು. ಆದರೆ ಇವರಿಗೆ ಹೇಳಬೇಕಲ್ಲ. ನಾನು ಹೇಳುದಾ, ನೀವಾ?"

"ನಾನೇ ಹೇಳ್ತೇನೆ."

ಭಾನುವಾರ ಕಾಕನ ಮನೆಗೆ ಒಬ್ಬಳೇ ಹೋದೆ. ಜಗಲಿಯಲ್ಲಿ ಕಾಕ ಇದ್ದರು, ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಕುರ್ಚಿ ಹಾಕಿದರು. ನಾನು ಕೂರಲಿಲ್ಲ.

"ಕಾಕ, ಆ ಕಂಪ್ಯೂಟರಿಗೆ ಹಾರ್ಟ್ ಅಟ್ಯಾಕ್ ಅಂತ ಹಾಕಿದ್ದು ನಾನು. ನಿಮಗೆ ಏನೂ ಆಗಿರಲಿಲ್ಲ. ನಾನು ಸರಿ ಓದಲಿಲ್ಲ."

ಅವರು ಅರ್ಥವಾಗದವರ ಹಾಗೆ ಹೆಂಡತಿಯ ಮುಖ ನೋಡಿದರು. ಆಮೇಲೆ ನನ್ನನ್ನು. "ಆ ದಿನ ಬಸ್ಸಿನಲ್ಲಿ ಸಿಕ್ಕಿದಾಗ ನಿಮಗೆ ಗೊತ್ತಿತ್ತಾ?"

ಆ ಪ್ರಶ್ನೆಗೆ ನಾನು ಸಿದ್ಧವಾಗಿ ಹೋಗಿರಲಿಲ್ಲ. "ಗೊತ್ತಿತ್ತು," ಎಂದೆ.

"ಬರೆಯುವಾಗ ತಪ್ಪುದು ಉಂಟು," ಎಂದರು ಅವರು. "ನನಗೂ ಎಷ್ಟೋ ಸಲ ಗೇರು ತಪ್ಪಿದೆ. ಆದರೆ ಅಷ್ಟು ದೂರ ನನ್ನ ಪಕ್ಕದಲ್ಲಿ ಕೂತು ನೀವು ಕೇಳ್ತಾ ಇದ್ರಿ. ನಾನು ಹೆಂಡತಿ ಜೊತೆ ಗಟ್ಟಿಯಾಗಿ ನಗ್ಲಿಕ್ಕೂ ಹೆದರಿದ ಮನುಷ್ಯ. ಅದನ್ನೆಲ್ಲ ಹೇಳ್ತಾ ಇದ್ದೆ ನಿಮಗೆ." ಎದ್ದು ಒಳಗೆ ಹೋದರು.

ಹೆಂಡತಿ ನನ್ನನ್ನು ಗೇಟಿನವರೆಗೆ ಬಿಟ್ಟು, ತಗ್ಗಿದ ದನಿಯಲ್ಲಿ ಕೇಳಿದರು: "ಅವರಿಗೆ ಏನೂ ಇಲ್ಲ ಅಂತ ಈಗ ಬರೀತೀರಲ್ಲ, ಅದು ಸರಿ ಇರ್ತದೆ ಅಂತ ನಾವು ಹೇಗೆ ನಂಬುದು?"

ಅವರ ಪ್ರಶ್ನೆಯಲ್ಲಿ ಕುಹಕ ಇರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದರು. ಡಾಕ್ಟರ್ ಖುದ್ದಾಗಿ ನೋಡುತ್ತಾರೆ ಎಂದಷ್ಟೇ ಹೇಳಿದೆ.

ಕಾಕ ಆಸ್ಪತ್ರೆಗೆ ಬಂದರು. ಮೇಡಂ ಅವರನ್ನು ಟ್ರೆಡ್‌ಮಿಲ್ ಯಂತ್ರದ ಮೇಲೆ ಓಡಿಸಿ, ಹಳೆಯ ರಿಪೋರ್ಟುಗಳನ್ನು ಅವರ ಮುಂದೆಯೇ ಬಿಡಿಸಿ ತೋರಿಸಿ ವಿವರಿಸಿದರು. ಏನೂ ಇರಲಿಲ್ಲ. ಆದರೆ ಹಳೆಯ ಸಾಲನ್ನು ಅಳಿಸಲು ಮೇಡಂಗೂ ಆಗಲಿಲ್ಲ, ಸಾಫ್ಟ್‌ವೇರ್ ಬಿಡುವುದಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಬಹುದು, ಅಷ್ಟೇ. ಈಗ ಅವರ ಪುಟ ತೆರೆದರೆ ಮೊದಲು ಕೆಂಪು ಅಕ್ಷರ, ಅದರ ಕೆಳಗೆ ಕಪ್ಪು ಅಕ್ಷರದಲ್ಲಿ 'ಮೇಲಿನದು ತಪ್ಪು ದಾಖಲೆ' ಎಂದು ಬರುತ್ತದೆ. ಕೆಳಗಿನವರೆಗೆ ಓದುವವರಿಗೆ ಕಾಣುತ್ತದೆ. ಓದದವರಿಗೆಂದು ಮೇಡಂ ಒಂದು ಪತ್ರ ಬರೆದುಕೊಟ್ಟರು. ಕಾಕ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ಲೈಸೆನ್ಸಿನ ಜೊತೆ ಇಟ್ಟುಕೊಂಡಿದ್ದಾರೆ.

ಸರ್ಟಿಫಿಕೇಟ್ ಸಿಕ್ಕಿತು. ಶಾಲೆಯವರು ಮಾತ್ರ, ಈಗ ಇರುವವರನ್ನು ಯಾವ ಕಾರಣ ಹೇಳಿ ತೆಗೆಯುವುದು ಎಂದರು. ಅದೂ ನ್ಯಾಯವೇ. ಕಾಕ ಈಗ ನೆಟ್ಟಣದ ರೈಲ್ವೆ ಸ್ಟೇಶನ್ನಿನಿಂದ ಜೀಪು ಓಡಿಸುತ್ತಾರೆ. ರೈಲಿಳಿದ ಜನರನ್ನು ಹತ್ತಿಸಿಕೊಂಡು ಏರು ರಸ್ತೆಯಲ್ಲಿ ಹೋಗುವುದನ್ನು ಒಮ್ಮೆ ದೂರದಿಂದ ನೋಡಿದೆ. ಇನ್ನೊಮ್ಮೆ ಕಡಬದ ಪೇಟೆಯಲ್ಲಿ ಎದುರಾದಾಗ ಮಗಳು ಓಡಿಹೋಗಿ ಅವರ ಕೈ ಹಿಡಿದಳು. ಅವಳೊಡನೆ ತುಂಬ ಹೊತ್ತು ಮಾತಾಡಿದರು, ಯಾವ ಕ್ಲಾಸು, ಈಗ ಯಾವ ಸೀಟು ಎಂದೆಲ್ಲ. ನನ್ನ ಕಡೆ ತಿರುಗಿ, "ಬರ್ತೇನೆ ಮೇಡಂ," ಎಂದರು. ಅದಕ್ಕೆ ಮೊದಲು ಅವರು ನನ್ನನ್ನು ಒಮ್ಮೆಯೂ ಮೇಡಂ ಎಂದು ಕರೆದಿರಲಿಲ್ಲ.

ನನ್ನ ಕೆಲಸ ಹೋಗಲಿಲ್ಲ. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಮುಂದೆ ಜಾಗ್ರತೆ ವಹಿಸುತ್ತೇನೆ ಎಂದು. ಪಟ್ಟಿಯಲ್ಲಿ 'ಅನುಮಾನ' ಎಂಬ ಒಂದು ಹೆಸರು ಸೇರಿಸಿ ಎಂದು ಮೇಡಂ ಸಾಫ್ಟ್‌ವೇರ್ ಕಂಪೆನಿಗೆ ಬರೆದಿದ್ದಾರೆ. ನೋಡುತ್ತೇವೆ ಎಂದಿದ್ದಾರಂತೆ. ಇನ್ನೂ ಸೇರಿಲ್ಲ. ಚೌಕ ಹಾಗೆಯೇ ಉಂಟು, ತುಂಬದೆ ಮುಂದೆ ಬಿಡುವುದಿಲ್ಲ, ತಿಂಗಳ ಕೊನೆಗೆ ಎಲ್ಲ ಫೈಲು ಮುಚ್ಚಲೇಬೇಕು. ಅನುಮಾನ ಬಂದರೆ ನಾನು ವಾರ್ಡಿಗೆ ಫೋನ್ ಮಾಡುತ್ತೇನೆ. ಪಕ್ಕದ ಮೇಜಿನವಳು ಗಡಿಯಾರ ನೋಡುತ್ತಾಳೆ. ವಾರ್ಡಿನಲ್ಲಿ ಅವರಿಗೂ ಸಾವಿರ ಕೆಲಸ, ಫೋನು ರಿಂಗ್ ಆಗುತ್ತಲೇ ಇರುತ್ತದೆ. ಕೆಲವು ದಿನ ಎತ್ತುತ್ತಾರೆ.